ಹಳ್ಳಿಯ ಮಕ್ಕಳಿಗೆ ತಕ್ಕ ಕಸುಬಿನ ತರಬೇತನ್ನು ಆರಿಸುವ ಬಗೆ

ಚನ್ನರಾಯನದುರ್ಗದ ಬೆಟ್ಟದ ಸುತ್ತಣ ಗ್ರಾಮಗಳೂ, ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ತಾಲ್ಲೂಕುಗಳೂ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಖುಷ್ಕಿ ಸೀಮೆಯಾಗಿರುವುವು. ಕಡಲೆಕಾಯಿ, ರಾಗಿ, ತೊಗರಿ ಮೊದಲಾದುವು ಇಲ್ಲಿನ ಮುಖ್ಯವಾದ ಬೆಳೆಗಳು. ಕೊಳವೆಬಾವಿಯ ನೀರಿರುವ ಕಡೆ ಅಡಕೆ ತೆಂಗಿನ ತೋಟಗಳುಂಟು. ಮಳೆ ತಪ್ಪಿದ ವರ್ಷದಲ್ಲಿ ಜಮೀನೊಂದೇ ಮನೆಮಂದಿಯನ್ನೆಲ್ಲ ಸಲಹಲಾರದು. ಆದುದರಿಂದ ಮನೆಗೊಬ್ಬ ಮಗನನ್ನೋ ಮಗಳನ್ನೋ ಕಸುಬಿಗೆ ಹಾಕುವುದು ಯುಕ್ತವೇ ಸರಿ. ಆದರೆ ಯಾವ ಕಸುಬು, ಯಾರ ಬಳಿ, ಎಷ್ಟು ಕಾಲ ಎಂಬುದನ್ನು ವಿಚಾರಿಸದೆ, ನೆರೆಯವನ ಮಗ ಹೋದನೆಂದು ತನ್ನ ಮಗನನ್ನೂ ಕಳುಹಿಸುವುದು ಯುಕ್ತವಲ್ಲ. ಹೋದ ಬೆಳೆಯನ್ನು ಮುಂದಿನ ಮುಂಗಾರಿನಲ್ಲಿ ಮರಳಿ ಪಡೆಯಬಹುದು. ಹುಡುಗನ ವಯಸ್ಸಿನಲ್ಲಿ ಕಳೆದ ಎರಡು ವರ್ಷಗಳನ್ನು ಮರಳಿ ಪಡೆಯಲಾಗದು.

ತರಬೇತಿನ ಮೂರು ಬಗೆಗಳು

ಮೊದಲನೆಯದು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಎಂದರೆ ಐ.ಟಿ.ಐ.ಗಳಲ್ಲಿ ಕಲಿಯುವುದು. ಈ ಏರ್ಪಾಡು 1950ರಲ್ಲಿ ಆರಂಭವಾಯಿತು. ಎಲೆಕ್ಟ್ರಿಷಿಯನ್, ಫಿಟ್ಟರ್ ಕಸುಬುಗಳಿಗೆ ಎರಡು ವರ್ಷವೂ, ಡೀಸೆಲ್ ಮೆಕ್ಯಾನಿಕ್, ಟ್ರಾಕ್ಟರ್ ಮೆಕ್ಯಾನಿಕ್ ಕಸುಬುಗಳಿಗೆ ಒಂದು ವರ್ಷವೂ ಹಿಡಿಯುತ್ತದೆ.

ಎರಡನೆಯದು ಕಾರ್ಖಾನೆಯಲ್ಲಿಯೇ ಇದ್ದು ಕೆಲಸ ಕಲಿಯುವ ಅಪ್ರೆಂಟಿಸ್ ಪದ್ಧತಿ. ಹಿಂದೆ ನಮ್ಮ ಸೀಮೆಯಲ್ಲಿ ಉಮೇದುವಾರಿಯೆಂದು ಸಂಬಳವಿಲ್ಲದೆ ದುಡಿದು ಕೆಲಸ ಕಲಿಯುತ್ತಿದ್ದುದುಂಟು. ಈಗಿನ ಅಪ್ರೆಂಟಿಸ್ ಪದ್ಧತಿಯು ಅಂಥದಲ್ಲ. ಇದು 1961ರ ಕಾಯಿದೆಗೆ ಒಳಪಟ್ಟಿರುವುದು. ಹದಿನಾಲ್ಕು ವರ್ಷ ತುಂಬದವರನ್ನು ಸೇರಿಸತಕ್ಕದ್ದಲ್ಲ. ಅಪಾಯಕರವಾದ ಉದ್ಯಮಗಳಿಗೆ ಹದಿನೆಂಟು ವರ್ಷ ತುಂಬಿರಬೇಕು. ಕಲಿಯುವ ಕಾಲದಲ್ಲಿ ಮಾಸಿಕ ಭತ್ಯವನ್ನು ಕೊಡತಕ್ಕದ್ದು. 2019ರ ತಿದ್ದುಪಡಿಯಲ್ಲಿ ಇದರ ಕನಿಷ್ಠ ದರವನ್ನು ವಿದ್ಯಾರ್ಹತೆಗೆ ತಕ್ಕಂತೆ 5,000 ರೂಪಾಯಿಗಳಿಂದ 9,000 ರೂಪಾಯಿಗಳವರೆಗೆ ಗೊತ್ತುಮಾಡಲಾಯಿತು. ಸೇರುವಾಗ ಜಾರಿಯಲ್ಲಿರುವ ದರವನ್ನು ಕೇಳಿ ತಿಳಿಯುವುದು ಒಳ್ಳೆಯದು.

ಮೂರನೆಯದು ಕೆಲವು ದಿನಗಳಲ್ಲಿ ಇಲ್ಲವೆ ವಾರಗಳಲ್ಲಿ ಮುಗಿಯುವ ತರಬೇತು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಊಟ ವಸತಿಗಳೊಡನೆ ಉಚಿತವಾಗಿ ಕಲಿಸುತ್ತವೆ. ವ್ಯವಸಾಯಕ್ಕೆ ಸಂಬಂಧಪಟ್ಟ ತರಬೇತಿಗೆ ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿಯೂ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳುಂಟು.

ಮನೆಯ ಸ್ಥಿತಿಯನ್ನು ನೋಡಿ ಆರಿಸುವುದು

ನಾಲ್ಕು ಎಕರೆ ಖುಷ್ಕಿಯೂ ಒಂದು ಕೊಳವೆಬಾವಿಯೂ ಇರುವ ಮನೆಯಲ್ಲಿ ಇಬ್ಬರು ಮಕ್ಕಳಿರುವರೆಂದು ಭಾವಿಸೋಣ. ಇಬ್ಬರನ್ನೂ ದೂರದ ಪಟ್ಟಣಕ್ಕೆ ಕಳುಹಿಸಿದರೆ ಜಮೀನು ಬೀಳುಬೀಳುವುದು. ಇಬ್ಬರನ್ನೂ ಮನೆಯಲ್ಲಿಯೇ ಉಳಿಸಿಕೊಂಡರೆ ಬರಗಾಲದಲ್ಲಿ ಸಾಲ ಬೆಳೆಯುವುದು. ಯಂತ್ರದಲ್ಲಿ ಆಸಕ್ತಿಯುಳ್ಳವನು ಎಲೆಕ್ಟ್ರಿಷಿಯನ್ ಕಸುಬನ್ನು ಕಲಿತರೆ ಕಾರ್ಖಾನೆಗೂ ಹೋಗಬಲ್ಲನು, ಊರಿನಲ್ಲಿಯೇ ಪಂಪು ಮೋಟಾರುಗಳನ್ನು ರಿಪೇರಿ ಮಾಡಿಯೂ ಜೀವಿಸಬಲ್ಲನು. ಮೋಟಾರು ಸುಟ್ಟ ದಿನ ತೋಟಕ್ಕೆ ನೀರಿಲ್ಲದೆ ತೊಂದರೆಪಡುವುದು ಪ್ರತಿಯೊಂದು ಗ್ರಾಮದವರಿಗೂ ತಿಳಿದ ವಿಷಯ. ಮಣ್ಣಿನಲ್ಲಿ ಆಸಕ್ತಿಯುಳ್ಳವನು ಹುಣಿಸೆ, ಮಾವು, ಹಲಸುಗಳಿಗೆ ಕಸಿ ಕಟ್ಟುವುದನ್ನೂ ಸಸ್ಯಪಾಲನೆಯನ್ನೂ ಕಲಿತರೆ ಜಮೀನು ಬಿಡದೆ ಸಂಪಾದಿಸಬಲ್ಲನು. ಗುಬ್ಬಿ ತಾಲ್ಲೂಕು ಚೇಳೂರಿನ ಒಂದು ಹಲಸಿನ ಮರವನ್ನು ಹೆಸರುಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿ, ‘ಸಿದ್ದು’ ಎಂಬ ಹೆಸರಿನಿಂದ ಕಸಿಗಿಡಗಳ ಮೂಲಕ ಪ್ರಚಾರಕ್ಕೆ ತಂದುದು ಈ ಕಸುಬಿನ ಬೆಲೆಯನ್ನು ತೋರಿಸುತ್ತದೆ. ಹೆಣ್ಣುಮಕ್ಕಳಿಗೂ ಈ ತರಬೇತುಗಳೆಲ್ಲವೂ ತೆರೆದಿರುವುವೆಂಬುದನ್ನು ಹಿರಿಯರು ಮರೆಯತಕ್ಕದ್ದಲ್ಲ.

ಕಾರ್ಖಾನೆಗಿಂತ ಕಸುಬು ಮುಖ್ಯ

ತುಮಕೂರಿನಲ್ಲಿ 1978ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯನ್ನು ಸೇರಿದರೆ ಬಾಳೆಲ್ಲ ಭದ್ರವೆಂದು ಜನರು ನಂಬಿದ್ದರು. ಗಡಿಯಾರದ ಆ ಕಂಪನಿಯನ್ನು ಮುಚ್ಚುವುದಾಗಿ ಕೇಂದ್ರ ಸರ್ಕಾರದವರು 2016ರಲ್ಲಿ ತೀರ್ಮಾನಿಸಿದರು. ಅದೇ ಜಿಲ್ಲೆಯ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಒಂದು ಮುಚ್ಚುವುದು, ಇನ್ನೊಂದು ತೆರೆಯುವುದು. ಒಂದೇ ಯಂತ್ರದ ಒಂದೇ ಗುಂಡಿಯನ್ನು ಒತ್ತಲು ಕಲಿತವನಿಗೆ ಮೊದಲನೆಯದರೊಡನೆ ಅನ್ನವೂ ಹೋಗುವುದು. ಅಳತೆ ಹಿಡಿಯುವುದನ್ನೂ ನಕ್ಷೆ ಓದುವುದನ್ನೂ ಲೋಹ ಕೆತ್ತುವುದನ್ನೂ ಕಲಿತವನು ಎರಡನೆಯದರ ಬಾಗಿಲಿಗೆ ಹೋಗಬಲ್ಲನು.

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ, 2018ರಲ್ಲಿ ಉದ್ಘಾಟನೆಯಾದ ಸೌರ ವಿದ್ಯುತ್ ಸ್ಥಾವರದಿಂದಲೂ ಇದೇ ಪಾಠವನ್ನು ಕಲಿಯಬಹುದು. ಅಲ್ಲಿ ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟರು. ಇಂಥ ಸ್ಥಾವರಗಳನ್ನು ಕಟ್ಟುವಾಗ ಕೂಲಿ ಹೆಚ್ಚಾಗಿ ಬೇಕು. ಕಟ್ಟಿ ಮುಗಿದ ತರುವಾಯ ಬೇಕಾಗುವವರು ಕೆಲವರೇ, ಅದರಲ್ಲಿಯೂ ವಿದ್ಯುತ್ತಿನ ಕೆಲಸ ಬಲ್ಲವರು. ಗುತ್ತಿಗೆಯ ಹಣದಲ್ಲಿ ಒಂದು ಪಾಲನ್ನು ಮಕ್ಕಳ ತರಬೇತಿಗೆ ತೆಗೆದಿರಿಸಿದ ಮನೆಗೂ, ಅದನ್ನೆಲ್ಲ ಮದುವೆ ಮುಂಜಿಗಳಿಗೆ ಕಳೆದ ಮನೆಗೂ ಇರುವ ಅಂತರವು ಹತ್ತು ವರ್ಷಗಳಲ್ಲಿ ತಾನಾಗಿಯೇ ಕಾಣುವುದು.

ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಸಂಸ್ಥೆಯು ಕೊಡುವ ಪ್ರಮಾಣಪತ್ರಕ್ಕೆ ಸರ್ಕಾರದ ಮನ್ನಣೆಯುಂಟೆ? ಕೇವಲ ಗೋಡೆಯ ಮೇಲಿನ ಫಲಕವನ್ನು ನಂಬತಕ್ಕದ್ದಲ್ಲ.

2. ಅಪ್ರೆಂಟಿಸ್ ಆಗಿದ್ದರೆ ಕರಾರುಪತ್ರವು ನೋಂದಣಿಯಾಗಿದೆಯೆ? ಅಪ್ರಾಪ್ತ ವಯಸ್ಕನ ಪರವಾಗಿ ಪೋಷಕನು ರುಜು ಮಾಡಬೇಕಾದುದರಿಂದ ಅದನ್ನು ಓದಿಸಿ ತಿಳಿದ ಮೇಲೆಯೇ ರುಜು ಹಾಕತಕ್ಕದ್ದು.

3. ಕೆಲಸ ಕಲಿಸುವವರು ಹಣ ಕೇಳುವರೆ? ಭತ್ಯ ಕೊಡಬೇಕಾದವರ ಹೆಸರಿನಲ್ಲಿ ಮಧ್ಯವರ್ತಿಯು ಮುಂಗಡ ಕೇಳಿದರೆ ಅಲ್ಲಿಂದ ಹಿಂದಿರುಗುವುದೇ ಲೇಸು.

4. ಅವಧಿ ಮುಗಿದ ಮೇಲೆ ನೌಕರಿ ಖಂಡಿತವೆಂದು ಹೇಳುವರೆ? ಕಾಯಿದೆಯು ಅಂಥ ಭರವಸೆಯನ್ನು ಕೊಡುವುದಿಲ್ಲ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ.

5. ಹುಡುಗನು ಯಂತ್ರವನ್ನು ಮುಟ್ಟಿ ಕಲಿಯುವನೋ, ಕಸ ಗುಡಿಸಿ ಚಹಾ ತಂದುಕೊಡುವನೋ? ಅಲ್ಲಿ ಹಿಂದೆ ಕಲಿತು ಬಂದವರನ್ನು ಕಂಡು ಕೇಳಿದರೆ ನಿಜಸ್ಥಿತಿ ತಿಳಿಯುವುದು.

ಕೆಲಸದಲ್ಲಿ ಗಾಯವಾದರೆ ಅಪ್ರೆಂಟಿಸನಿಗೂ ಪರಿಹಾರದ ಹಕ್ಕುಂಟೆಂಬುದನ್ನು ತಂದೆತಾಯಿಗಳು ತಿಳಿದಿರಬೇಕು. ನೋಂದಣಿಯಾದ ಕರಾರುಪತ್ರವಿಲ್ಲದಿದ್ದರೆ ಆ ಹಕ್ಕನ್ನು ಸಾಧಿಸುವುದು ಬಹು ಕಷ್ಟ.

ಕಾಲವನ್ನು ನೋಡುವುದು

ಐ.ಟಿ.ಐ.ಗಳಿಗೆ ಸೇರುವ ಕಾಲವೂ ಕಡಲೆಕಾಯಿ ಬಿತ್ತನೆಯ ಕಾಲವೂ ಹೆಚ್ಚುಕಡಮೆ ಒಂದೇ ಆಗಿರುವುವು. ಬಿತ್ತನೆಗೆಂದು ತಡೆದರೆ ಅರ್ಜಿಯ ದಿನ ತಪ್ಪುವುದು. ಸೇರಿಸಿದ ಮೇಲೆ ಕೊಯ್ಲಿಗೆಂದು ಪದೇಪದೇ ಕರೆಸಿಕೊಂಡರೆ ಹಾಜರಿ ಸಾಲದೆ ಪರೀಕ್ಷೆ ತಪ್ಪುವುದು. ಆದುದರಿಂದ ದೀರ್ಘವಾದ ತರಬೇತಿಗೆ ಹೋಗುವವನನ್ನು ಆ ವರ್ಷದ ಬೇಸಾಯದ ಲೆಕ್ಕದಿಂದ ಬಿಟ್ಟು, ಆಳುಕಾಳುಗಳ ಏರ್ಪಾಡನ್ನು ಮೊದಲೇ ಮಾಡಿಕೊಳ್ಳತಕ್ಕದ್ದು. ಕಸಿ, ಹೈನುಗಾರಿಕೆ, ಜೇನು ಸಾಕಣೆ ಮೊದಲಾದ ಅಲ್ಪಕಾಲದ ತರಬೇತುಗಳಿಗೆ ಸುಗ್ಗಿ ಮುಗಿದು ಮುಂಗಾರು ಬರುವವರೆಗಿನ ತಿಂಗಳುಗಳು ಅನುಕೂಲ.

ಗ್ರಾಮದ ಮುಖಂಡರ ಕರ್ತವ್ಯ

ತಂದೆಯು ಹಳ್ಳಿಯ ಹಿರಿಯರನ್ನು ಕೇಳಿಯೇ ಮಗನನ್ನು ಕಳುಹಿಸುವುದು ರೂಢಿಯಾದುದರಿಂದ, ಹಿರಿಯರ ಮಾತಿಗೆ ಹೊಣೆಯುಂಟು. ಪರೀಕ್ಷೆಯ ಫಲಿತಾಂಶ ಬರುವ ಮುನ್ನವೇ ಊರಿನ ಹತ್ತನೆಯ ತರಗತಿಯ ಮಕ್ಕಳ ಪಟ್ಟಿಯೊಂದನ್ನು ಮಾಡಿ, ಶಾಲೆಯ ಉಪಾಧ್ಯಾಯರೊಡನೆ ಒಬ್ಬೊಬ್ಬರ ಒಲವನ್ನು ವಿಚಾರಿಸಿ, ತಾಲ್ಲೂಕಿನ ತರಬೇತಿ ಸಂಸ್ಥೆಯನ್ನು ಒಮ್ಮೆ ಕಣ್ಣಾರೆ ಕಂಡು ಬರುವುದು ಮುಖಂಡರಿಗೆ ಒಂದು ದಿನದ ಕೆಲಸ. ಬಿತ್ತುವ ಬೀಜವನ್ನು ಕೈಯಲ್ಲಿ ಹಿಡಿದು, ಜೊಳ್ಳು ಗಟ್ಟಿಗಳನ್ನು ನೋಡಿ ಆರಿಸುವ ಬೇಸಾಯಗಾರನು ಮಕ್ಕಳ ವಿಷಯದಲ್ಲಿ ಅದಕ್ಕಿಂತ ಕಡಮೆ ಎಚ್ಚರಿಕೆಯಿಂದಿರುವುದು ತರವಲ್ಲ.