ನಲವತ್ತೇಳರಲ್ಲಿ ಮತ್ತೆ ವಿದ್ಯಾರ್ಥಿ

ಜರ್ಮನಿಯ ಸ್ಟುಟ್‌ಗಾರ್ಟ್ ನಗರಕ್ಕೆ ಬಂದು ನೆಲೆಸಿ ಹದಿನಾರು ವರ್ಷಗಳಾದವು. ಮೋಟಾರು ಕಾರಿನ ತವರೆನಿಸಿದ ಈ ಊರಿನಲ್ಲಿ ನಾನು ವಾಹನಗಳ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ರಜೆಯಲ್ಲಿ ಅರಸೀಕೆರೆಗೆ ಹೋದಾಗ ಮದುವೆ ಮನೆಗಳಲ್ಲಿ ಯಾರಾದರೂ ಉದ್ಯೋಗ ವಿಚಾರಿಸಿದರೆ ಕಂಪನಿಯ ಹೆಸರೊಂದನ್ನು ಹೇಳಿದರೆ ಸಾಕಿತ್ತು. ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ.

ನನ್ನ 47ನೆಯ ವಯಸ್ಸಿನಲ್ಲಿ ನಮ್ಮ ವಿಭಾಗವನ್ನೇ ಮುಚ್ಚಲಾಯಿತು. ಕಾಯಂ ವಾಸದ ಪರವಾನಗಿ ಇದ್ದುದರಿಂದ ದೇಶ ಬಿಡಬೇಕಾದ ಭಯವಿರಲಿಲ್ಲ. ಇಲ್ಲಿ ನಿರುದ್ಯೋಗ ವಿಮೆಯ ಕಂತು ಕಟ್ಟಿದವರಿಗೆ, ಮಕ್ಕಳಿದ್ದರೆ, ಹಿಂದಿನ ನಿವ್ವಳ ಸಂಬಳದ ಸುಮಾರು ಶೇ 67ರಷ್ಟು ಭತ್ಯೆ ದೊರೆಯುತ್ತದೆ. ಐವತ್ತು ತುಂಬದವರಿಗೆ ಹೆಚ್ಚೆಂದರೆ 12 ತಿಂಗಳು. ಆದರೂ ನಾನು ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದೆ. 2011ರಲ್ಲಿ ತೆರೆದ ನಗರದ ಗ್ರಂಥಾಲಯ ನಮ್ಮಲ್ಲಿ ಪ್ರಸಿದ್ಧ. ಒಳಗೆಲ್ಲ ಬಿಳಿಯ ಗೋಡೆಗಳು. ಅಲ್ಲಿ ಕುಳಿತು ಅರ್ಜಿ ಬರೆಯುತ್ತಿದ್ದೆ. ಅಮ್ಮ ಫೋನ್ ಮಾಡಿದರೆ, ‘ಕೆಲಸ ಜಾಸ್ತಿ ಅಮ್ಮ, ಆಮೇಲೆ ಮಾತಾಡ್ತೀನಿ’ ಎನ್ನುತ್ತಿದ್ದೆ. ಸುಳ್ಳು ಹೇಳಿಸುತ್ತಿದ್ದುದು ಬಡತನವಲ್ಲ. ಕಂಪನಿಯ ಹೆಸರನ್ನು ಕಳೆದರೆ ನಾನು ಯಾರೆಂಬುದು ನನಗೇ ತಿಳಿದಿರಲಿಲ್ಲ.

ಆ ದಿನಗಳಲ್ಲಿ ಕೆಳಮನೆಯ ವೃದ್ಧೆಯೊಬ್ಬರು ಬಿದ್ದು ಸೊಂಟ ಮುರಿದುಕೊಂಡು ಆರೈಕೆ ಗೃಹ ಸೇರಿದರು. ಅವರ ಅಂಚೆ ಪತ್ರಗಳನ್ನು ತಲುಪಿಸಲು ಹೋಗುತ್ತಿದ್ದೆ. ಒಮ್ಮೆ ಸಿಬ್ಬಂದಿ ಸಾಲದೆ, ‘ಇವರಿಗೆ ಸೂಪ್ ಕುಡಿಸುವಿರಾ?’ ಎಂದು ಕೇಳಿದರು. ಅರ್ಧ ಗಂಟೆ ಹಿಡಿಯಿತು. ಹೊರಗೆ ಬಂದಾಗಲೇ ಹೊಳೆದದ್ದು: ಅಷ್ಟು ಹೊತ್ತೂ ನಾನು ಮೊಬೈಲಿನಲ್ಲಿ ಅರ್ಜಿಗಳ ಉತ್ತರ ನೋಡಿರಲಿಲ್ಲ.

ಎರಡು ವಾರ ಅಲ್ಲೇ ಪ್ರಾಯೋಗಿಕವಾಗಿ ದುಡಿದೆ. ಬಳಿಕ ಮೂರು ವರ್ಷಗಳ ಶುಶ್ರೂಷಾ ತರಬೇತಿಗೆ ಸೇರಲು ನಿಶ್ಚಯಿಸಿದೆ. ತರಬೇತಿಯಲ್ಲೂ ಸಂಬಳವುಂಟು, ನನ್ನ ಹಳೆಯ ಸಂಬಳದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಹೆಂಡತಿ ಲೆಕ್ಕ ಹಾಕಿ ಹೇಳಿದಳು: ‘ಮನೆಯ ಕಂತು ನನ್ನ ಸಂಬಳದಲ್ಲಿ ಸಾಗುತ್ತೆ. ಆದರೆ ಅಮ್ಮನಿಗೆ ನೀವೇ ಹೇಳಬೇಕು.’

ಹೇಳಿದೆ. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ.

‘ಅಂದ್ರೆ, ವಯಸ್ಸಾದೋರಿಗೆ ಸ್ನಾನ ಮಾಡ್ಸೋ ಕೆಲಸಾನಾ?’

‘ಹೌದಮ್ಮ, ಅದೂ ಇರುತ್ತೆ.’

‘ಇಲ್ಲಿ ನನಗೆ ಸ್ನಾನ ಮಾಡ್ಸೋಳು ನೀರು ಸುಡೋ ಹಂಗೆ ಹುಯ್ತಾಳೆ ಕಣಪ್ಪ. ನೀನು ಮೊದ್ಲು ಕೈ ಅದ್ದಿ ನೋಡು.’

ಸಮ್ಮತಿಯೋ ನೋವೋ ಎಂದು ಇಂದಿಗೂ ನಿಶ್ಚಯವಾಗಿ ಹೇಳಲಾರೆ. ಪರದೇಶದ ತಾಯಂದಿರಿಗೆ ನೀರು ಹದ ಮಾಡುವಾಗಲೆಲ್ಲ ಆ ಮಾತು ಕೇಳುತ್ತದೆ.

ಇದನ್ನು ಸುಖಾಂತ ಕಥೆಯೆಂದು ಭಾವಿಸಬೇಡಿ. ಬೆನ್ನು ನೋಯುತ್ತದೆ, ರಾತ್ರಿ ಪಾಳಿ ದಣಿಸುತ್ತದೆ. ನನ್ನ ಬಣ್ಣ ಕಂಡು ಮುಟ್ಟಬೇಡವೆಂದ ಹಿರಿಯರೂ ಇದ್ದಾರೆ. ತರಗತಿಯಲ್ಲಿ ಇಪ್ಪತ್ತರ ಹುಡುಗರು ನನಗಿಂತ ಬೇಗ ಕಲಿಯುತ್ತಾರೆ. ಹೊರಡುವ ಸಿದ್ಧತೆಯಲ್ಲಿರುವ ಕಿರಿಯರಿಗೆ ಒಂದು ಮಾತು: ಕಚೇರಿಯಲ್ಲಿ ಇಂಗ್ಲಿಷ್ ಸಾಕೆಂದು ಸ್ಥಳೀಯ ಭಾಷೆಯನ್ನು ಮುಂದೂಡಬೇಡಿ. ನಾನು ಮುಂದೂಡಿ, ತರಬೇತಿಗೆ ಬೇಕಾದ ಬಿ2 ಮಟ್ಟದ ಪರೀಕ್ಷೆಗೆ ನಡುವಯಸ್ಸಿನಲ್ಲಿ ಕೂರಬೇಕಾಯಿತು. ಉದ್ಯೋಗ ಹೋದ ದಿನ ನಿಮ್ಮೊಡನೆ ಉಳಿಯುವುದು ಭಾಷೆ ಮತ್ತು ವಾಸದ ಹಕ್ಕು.

ಕಳೆದ ಜನವರಿಯಲ್ಲಿ ಊರಿಗೆ ಹೋಗಿದ್ದೆ. ಅಮ್ಮನನ್ನು ನೋಡಿಕೊಳ್ಳುವ ಹೆಣ್ಣುಮಗಳೊಂದಿಗೆ ನಾಲ್ಕು ವರ್ಷಗಳಲ್ಲಿ ನಾನು ಆಡಿದ್ದು ಹಣದ ಮಾತು ಮಾತ್ರ. ಈ ಸಲ ಬೆನ್ನಿಗೆ ಪೆಟ್ಟಾಗದಂತೆ ಹಾಸಿಗೆಯಿಂದ ಎಬ್ಬಿಸುವ ಬಗೆಯನ್ನು ಆಕೆಗೆ ತೋರಿಸಿದೆ. ಅಮ್ಮನ ಎಡಮೊಣಕಾಲನ್ನು ಎಲ್ಲಿ ಹಿಡಿದರೆ ನೋಯದೆಂದು ಆಕೆ ನನಗೆ ತೋರಿಸಿದಳು. ಅದು ನನಗೆ ತಿಳಿದಿರಲಿಲ್ಲ.

ಮರುದಿನ ನೀರು ಹದ ಮಾಡಿದ್ದು ನಾನೇ. ಮೊದಲು ಕೈ ಅದ್ದಿ ನೋಡಿದೆ.