ಹಳೆಯ ಆಟಕ್ಕೆ ಹೊಸ ಯಂತ್ರ

ಪ್ರಶ್ನೆ: ಡೇವ್, ಪ್ರಿನ್ಸ್ ಆಫ್ ಪರ್ಷಿಯಾದಂಥ ಆಟಗಳಿಗೆಂದೇ ಹೊಸ ಬಿಡಿಭಾಗಗಳಿಂದ ಕಂಪ್ಯೂಟರ್ ಕಟ್ಟಬಹುದೇ?
– ಓದುಗರೊಬ್ಬರು, ತಿರ್ಲಾಪುರ, ನವಲಗುಂದ ತಾಲ್ಲೂಕು

ಉತ್ತರ: ಕಟ್ಟಬಹುದು. ಇವು ಡಾಸ್ ಕಾಲದ ಆಟಗಳು. ಅವಕ್ಕೆ ಬೇಕಾದ 16 ಬಿಟ್ ವ್ಯವಸ್ಥೆಯನ್ನು 64 ಬಿಟ್ ವಿಂಡೋಸ್ ಕೈಬಿಟ್ಟಿದೆ. ಸೌಂಡ್ ಬ್ಲಾಸ್ಟರ್ ಕಾರ್ಡ್ ಕೂರುತ್ತಿದ್ದ ಐಎಸ್‌ಎ ಸ್ಲಾಟ್ ಕೂಡ ಇಂದಿನ ಮನೆಬಳಕೆಯ ಮದರ್‌ಬೋರ್ಡ್‌ಗಳಲ್ಲಿಲ್ಲ. ಆದರೆ ಕಾರ್ಖಾನೆ ಯಂತ್ರಗಳಿಗೆಂದು ತೈವಾನಿನ ಡಿಎಂ ಅಂಡ್ ಪಿ ಕಂಪನಿ ರೂಪಿಸಿದ ವೋರ್ಟೆಕ್ಸ್86 ಚಿಪ್ ಡಾಸನ್ನು ನೇರವಾಗಿ ನಡೆಸುತ್ತದೆ. ಹವ್ಯಾಸಿಗಳು ಕಟ್ಟಿದ ವೀಸೀ, ಐಟಿಎಕ್ಸ್ ಲಾಮಾ ಬೋರ್ಡ್‌ಗಳ ಜೀವಾಳ ಇದೇ ಚಿಪ್ ಕುಟುಂಬ.

ಹಾರ್ಡ್ ಡಿಸ್ಕಿನ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಅತ್ಯುತ್ತಮ. ಹಳೆಯ ಐಡಿಇ ಡಿಸ್ಕಿನ ಸಂಕೇತಗಳೇ ಅದರಲ್ಲೂ ಇರುವುದರಿಂದ ಪಿನ್ನಿಗೆ ಪಿನ್ ಜೋಡಿಸುವ ಸಣ್ಣ ಅಡಾಪ್ಟರ್ ಸಾಕು. ತಿರುಗುವ ಭಾಗವಿಲ್ಲ, ಎರೆಸೀಮೆಯ ಧೂಳಿನಲ್ಲಿ ಇದು ದೊಡ್ಡ ಅನುಕೂಲ. ಡಾಸ್‌ಗೆ ಬದಲಿಯಾದ ಫ್ರೀಡಾಸ್ ಉಚಿತವಾಗಿಯೇ ಸಿಗುತ್ತದೆ. ಆಟ ವಿಪರೀತ ವೇಗವಾಗಿ ಓಡಿದರೆ ಪ್ರೊಸೆಸರಿನ ಕ್ಯಾಷ್ ಆಫ್ ಮಾಡಿ ನಿಧಾನಗೊಳಿಸಬಹುದು.

ಇನ್ನೊಂದು ದಾರಿ ಮಿಸ್ಟರ್. ಡಿಇ10-ನ್ಯಾನೊ ಬೋರ್ಡಿನ ಎಫ್‌ಪಿಜಿಎ ಚಿಪ್ಪಿನೊಳಗೆ 486 ಕಂಪ್ಯೂಟರಿನ ಸರ್ಕ್ಯೂಟನ್ನೇ ಮರುರಚಿಸುವ ಕ್ರಮವಿದು. ಹಳೆಯ ಕಾರ್ಡ್ ಕೂರಿಸುವ ಆಸೆಯಿದ್ದರೆ ಇದು ಒದಗದು.

ಎರಡಕ್ಕೂ ಸಾಕಷ್ಟು ಖರ್ಚಿದೆ. ಆಟ ಆಡುವುದಷ್ಟೇ ಉದ್ದೇಶವಾದರೆ ಮನೆಯಲ್ಲಿರುವ ಕಂಪ್ಯೂಟರಿಗೆ ಡಾಸ್‌ಬಾಕ್ಸ್ ತಂತ್ರಾಂಶ ಹಾಕಿಕೊಳ್ಳುವುದೇ ಸರಿ.