ಕಣ್ಣಿನ ಮದ್ದಿನಲ್ಲಿ ಹರಳುಗಳು

ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದಲ್ಲಿ ತೇರೆಳೆಯುವುದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ನೋಡಿಯೇ ಇರುವರು. ಕೆಲವು ವರ್ಷಗಳ ಹಿಂದೆ ಆ ಜಾತ್ರೆಗೆಂದು ಹಳ್ಳಿಯಿಂದ ನಮ್ಮ ಮನೆಗೆ ಬಂದ ಹಿರಿಯ ಹೆಂಗಸೊಬ್ಬರು, ತೊಗರಿಯ ರಾಶಿ ಮಾಡುವಾಗ ಹೊಟ್ಟಿನ ಸಿಬಿರು ಬಡಿದು ಬಲಗಣ್ಣಿನಲ್ಲಿ ಹುಣ್ಣು ಮಾಡಿಕೊಂಡಿದ್ದರು. ವೈದ್ಯರು ಕೊಟ್ಟ ಹನಿಮದ್ದಿನ ಸೀಸೆಯನ್ನು ಎಲೆಯಡಿಕೆಯ ಸಂಚಿಯಲ್ಲಿಟ್ಟುಕೊಂಡು ದಿನವೆಲ್ಲ ಬಿಸಿಲಿನಲ್ಲಿ ತಿರುಗಿ ಬಂದರು. ಸಂಜೆ ಅದನ್ನು ಅಲುಗದಂತೆ ಮೆಲ್ಲಗೆ ಓರೆಮಾಡಿ, ಮೇಲಿನ ತಿಳಿಯನ್ನು ಮಾತ್ರ ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದುದನ್ನು ಕಂಡು ಕಾರಣ ಕೇಳಿದೆವು. “ತಳದಾಗ ಗಸಿ ಕುಂತದ. ಗಸಿ ಯಾರರೆ ಕಣ್ಣಾಗ ಹಾಕ್ಕೋತಾರೇನವ್ವಾ?” ಎಂದರು.

ಆ ಗಸಿಯೇ ಮದ್ದು. ಮೇಲಿನ ತಿಳಿ ಹೆಚ್ಚುಕಡಿಮೆ ನೀರು. ಅಂದು ಅವರಿಗೆ ಹೇಳಿದ ಮಾತನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇವೆ.

ಜಾತ್ರೆಯ ಅಂಗಡಿಗಳಲ್ಲಿಯೇ ಈ ವಿಷಯದ ಮೊದಲ ಪಾಠವುಂಟು. ಹತ್ತಿಯಂತೆ ನೂತು ಕೊಡುವ ಬಾಂಬೆ ಮಿಠಾಯಿಯೂ ಸಕ್ಕರೆಯೇ, ಕಲ್ಲುಸಕ್ಕರೆಯೂ ಸಕ್ಕರೆಯೇ. ಮೊದಲನೆಯದನ್ನು ಒಂದು ತಾಸು ತೆರೆದಿಟ್ಟರೆ ಗಾಳಿಯ ತೇವವನ್ನು ಹೀರಿ ಕುಗ್ಗಿ ಅಂಟಾಗುವುದು. ಎರಡನೆಯದು ಡಬ್ಬಿಯಲ್ಲಿ ವರ್ಷಗಟ್ಟಲೆ ಇದ್ದಂತೆಯೇ ಇರುವುದು. ಕಲ್ಲುಸಕ್ಕರೆಯಲ್ಲಿ ಅಣುಗಳು ಪಟ್ಟಾಗಿ ಸಾಲುಗೂಡಿ ನಿಂತಿರುತ್ತವೆ. ಮಿಠಾಯಿಯಲ್ಲಿ ಅವು ಗಡಿಬಿಡಿಯಿಂದ ಹೇಗೆ ಬಿದ್ದವೋ ಹಾಗೆಯೇ ಗಟ್ಟಿಯಾಗಿವೆ. ಔಷಧಗಳ ಗತಿಯೂ ಇದೇ. ಸಾಲುಗೂಡಿದ ಹರಳು ತೇವಕ್ಕೂ ಬಿಸಿಗೂ ಹೆಚ್ಚು ತಾಳುತ್ತದೆ.

ಒಂದೇ ಮದ್ದನ್ನು ಬೇರೆ ಬೇರೆ ಲವಣಗಳಾಗಿಯೂ ಹರಳುಗಟ್ಟಿಸಬಹುದು. ಕಣ್ಣಿನೊಳಗಿನ ಒತ್ತಡವೇರುವ ಗ್ಲಾಕೋಮಾ ರೋಗಕ್ಕೆ ಹಿಂದೆ ಬಹುಕಾಲ ಬಳಸಿದ ಪೈಲೋಕಾರ್ಪಿನ್ ಎಂಬುದನ್ನು 1875ರಲ್ಲಿ ಬ್ರೆಜಿಲಿನ ಒಂದು ಗಿಡದ ಎಲೆಯಿಂದ ಬೇರ್ಪಡಿಸಿದರು. ಅದರ ಹೈಡ್ರೊಕ್ಲೋರೈಡ್ ಲವಣವು ಗಾಳಿಯ ತೇವವನ್ನೆಳೆದುಕೊಳ್ಳುವುದು. ನೈಟ್ರೇಟ್ ಲವಣವು ಹಾಗೆ ಮಾಡದು. ಮದ್ದು ತೂಗುವವನಿಗೆ ಇದು ಸಣ್ಣ ಸಂಗತಿಯಲ್ಲ. ನೀರು ಕುಡಿದ ಪುಡಿಯನ್ನು ತೂಗಿದರೆ ತಕ್ಕಡಿ ಸುಳ್ಳು ಹೇಳುವುದಷ್ಟೆ!

ಇನ್ನು ನಮ್ಮ ಅತಿಥಿಯ ಸೀಸೆಯ ವಿಷಯ. ಅದರಲ್ಲಿದ್ದುದು ನ್ಯಾಟಮೈಸಿನ್. 1955ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮ್ಯಾರಿಟ್ಸ್‌ಬರ್ಗ್ ಊರಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯಿಂದ ಇದನ್ನು ಪಡೆದರು. ಆ ಊರಿನ ಹೆಸರಿನಿಂದಲೇ ಇದಕ್ಕೆ ಪಿಮಾರಿಸಿನ್ ಎಂಬ ಇನ್ನೊಂದು ಹೆಸರು ಬಂದಿತು. ಹೊಟ್ಟು, ದಂಟು, ಮುಳ್ಳು ಬಡಿದ ಕಣ್ಣಿನ ಪಾರದರ್ಶಕ ಪೊರೆಯಲ್ಲಿ ಬೂಷ್ಟು ಬೇರೂರಿ ಆಗುವ ಹುಣ್ಣಿಗೆ ಇದು ಮುಖ್ಯವಾದ ಮದ್ದು. ಒಕ್ಕಲುತನದ ನಾಡಿನಲ್ಲಿ ಇಂಥ ಹುಣ್ಣು ಅಪರೂಪವಲ್ಲ.

ಈ ಮದ್ದು ನೀರಿನಲ್ಲಿ ಕರಗಿದ್ದಾಗ ಬೆಳಕಿಗೆ ಬೇಗ ಕೆಡುವುದು, ಒಣಹರಳಾಗಿದ್ದಾಗ ಬಾಳುವುದು. ಅದರಲ್ಲಿಯೂ ಪ್ರತಿ ಅಣುವಿಗೆ ಮೂರು ನೀರಿನ ಅಣುಗಳನ್ನು ಜೊತೆಗಿಟ್ಟುಕೊಂಡ ಹರಳೇ ಸ್ಥಿರವಾದುದು. ಶಾಲೆಯ ಪ್ರಯೋಗಶಾಲೆಯಲ್ಲಿ ಮೈಲುತುತ್ತವನ್ನು ಕಾಯಿಸಿದುದು ನೆನಪಿದೆಯೆ? ಐದು ನೀರಿನ ಅಣುಗಳು ಹೊರಟುಹೋಗುತ್ತಲೇ ಆ ಚೆಲುವಾದ ನೀಲಿ ಹರಳು ಬಿಳಿಯ ಪುಡಿಯಾಗಿ ಕುಸಿಯುತ್ತಿತ್ತು. ಹರಳಿನೊಳಗಿನ ನೀರು ಒದ್ದೆಯಲ್ಲ. ಅದು ಮನೆಯ ಕಂಬ.

ನ್ಯಾಟಮೈಸಿನ್ ನೀರಿನಲ್ಲಿ ಕರಗುವುದೂ ಬಹು ಕಡಮೆ: ಒಂದು ಲೀಟರಿಗೆ ಸುಮಾರು 30ರಿಂದ 50 ಮಿಲಿಗ್ರಾಮ್. ಹನಿಮದ್ದಿನಲ್ಲಿರುವುದಾದರೋ ನೂರಕ್ಕೆ 5 ಭಾಗ, ಅಂದರೆ ಲೀಟರಿಗೆ 50,000 ಮಿಲಿಗ್ರಾಮ್. ವಾಚಕರೇ ಲೆಕ್ಕ ಹಾಕಲಿ. ಸಾವಿರದಲ್ಲಿ ಒಂದು ಪಾಲು ಮಾತ್ರ ಕರಗಿದ್ದು, ಉಳಿದ 999 ಪಾಲು ಹರಳಾಗಿಯೇ ಇರುತ್ತದೆ. ತಿಳಿಯನ್ನಷ್ಟೇ ಹಾಕಿಕೊಂಡ ಆ ತಾಯಿಗೆ ದೊರೆತದ್ದು ಆ ಒಂದು ಪಾಲು.

ಇಂಥ ಮದ್ದನ್ನು ಸಿದ್ಧಪಡಿಸುವುದು ಸುಲಭವೆಂದು ಯಾರೂ ತಿಳಿಯಬಾರದು. ಹರಳು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ದಪ್ಪವಾದರೆ ಕಣ್ಣಿನಲ್ಲಿ ಮರಳು ಬಿದ್ದಂತೆ ಕರಕರೆಯಾಗುವುದು. ಆದುದರಿಂದ ನುಣ್ಣಗೆ ಅರೆಯಬೇಕು. ಅರೆಯುವ ಭರದಲ್ಲಿ ಹರಳಿನ ಕಟ್ಟೇ ಮುರಿಯಲೂ ಬಾರದು. ಕರಗಿದ ಮದ್ದನ್ನು ಅತಿ ಸೂಕ್ಷ್ಮ ಜಾಲರಿಯಲ್ಲಿ ಸೋಸಿ ಕ್ರಿಮಿರಹಿತ ಮಾಡಬಹುದು. ಹರಳುಗಳನ್ನು ಹಾಗೆ ಸೋಸಹೋದರೆ ಮದ್ದೇ ಜಾಲರಿಯಲ್ಲಿ ನಿಂತುಹೋಗುವುದು! ಕುದಿಸೋಣವೆಂದರೆ ಹರಳಿನ ರೂಪ ಬದಲಾಗುವ ಭಯ. ಹೀಗಾಗಿ ಪುಡಿಯನ್ನೂ ನೀರನ್ನೂ ಬೇರೆ ಬೇರೆಯಾಗಿ ಶುದ್ಧಮಾಡಿ, ಕ್ರಿಮಿಗಳಿಲ್ಲದ ಕೋಣೆಯಲ್ಲಿ ಕೂಡಿಸುವುದುಂಟು. ಸೀಸೆ ಸೇರಿದ ಮೇಲೂ ನಿಶ್ಚಿಂತೆಯಿಲ್ಲ. ಬಿಸಿಯೇರಿದಾಗ ಸಣ್ಣ ಹರಳುಗಳು ಕರಗುತ್ತವೆ. ಆರಿದಾಗ ಆ ಅಂಶ ದೊಡ್ಡ ಹರಳುಗಳ ಮೈಗೆ ಹತ್ತಿಕೊಳ್ಳುತ್ತದೆ. ದಿನವೂ ಹೀಗಾದರೆ ಸಣ್ಣವು ಅಳಿದು ದೊಡ್ಡವು ಬೆಳೆಯುವುವು. ತಳಕ್ಕಿಳಿದ ಹರಳುಗಳು ಕೆರೆಯ ಕೆಸರೊಣಗಿ ಹೆಂಟೆಯಾದಂತೆ ಬಿಗಿದುಕೊಳ್ಳಲೂಬಹುದು. ಕುಲುಕಿದರೆ ಬಿಡಿಬಿಡಿಯಾಗಿ ಏಳುವಂತೆ ಅವನ್ನು ಸಡಿಲವಾಗಿ ಕೂಡಿಸಿಡುವುದರಲ್ಲಿಯೇ ಮದ್ದು ಮಾಡುವವರ ಜಾಣ್ಮೆಯೆಲ್ಲ ಇರುವುದು.

ಕರಗದ ಮದ್ದಿಗಿಂತ ಕರಗಿ ಒಳಗಿಳಿಯುವ ಮದ್ದು ಮೇಲಲ್ಲವೆ ಎಂದು ಕೇಳುವವರುಂಟು. ತಜ್ಞರಿಗೂ ಹಾಗೆಯೇ ತೋರಿತ್ತು. ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯೂ ಅಮೆರಿಕದ ವೈದ್ಯರೂ ಕೂಡಿ 323 ಮಂದಿ ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಣ್ಣಿನೊಳಕ್ಕೆ ಚೆನ್ನಾಗಿ ಇಳಿಯುವ ವೊರಿಕೊನಜೋಲ್ ಮದ್ದಿಗಿಂತ ನ್ಯಾಟಮೈಸಿನ್ ಪಡೆದವರ ದೃಷ್ಟಿಯೇ ಉತ್ತಮವಾಗಿ ಉಳಿಯಿತು. ಫ್ಯುಸೇರಿಯಮ್ ಜಾತಿಯ ಬೂಷ್ಟಿನಲ್ಲಿ ಈ ಅಂತರ ಎದ್ದು ಕಂಡಿತು. ನ್ಯಾಟಮೈಸಿನ್ ಹುಣ್ಣಿನ ಮೇಲೆಯೂ ರೆಪ್ಪೆಯ ಮಡಿಕೆಯಲ್ಲಿಯೂ ಅಂಟಿಕೊಂಡು ನಿಲ್ಲುವುದೆಂಬುದು ಮೊದಲೇ ತಿಳಿದಿತ್ತು. ಅದೂ ಒಂದು ಕಾರಣವಿರಬಹುದೆಂದು ನಮ್ಮ ಊಹೆ.

1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮದ್ದಿನ ಚೀಟಿಯಲ್ಲಿ 2ರಿಂದ 24 ಡಿಗ್ರಿಯೊಳಗೆ, ಬೆಳಕು ತಾಗದಂತೆ ಇಡಬೇಕೆಂದಿದೆ. ಕಲಬುರಗಿಯ ಬೇಸಗೆ 40 ಡಿಗ್ರಿಯನ್ನು ದಾಟುವುದು. ಎಲೆಯಡಿಕೆಯ ಸಂಚಿ ಇದಕ್ಕೆ ತಕ್ಕ ಸ್ಥಳವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ಮಾತನ್ನೂ ಸೇರಿಸುತ್ತೇವೆ: ಹೊಟ್ಟು ಬಡಿದು ಕೆಂಪೇರಿದ ಕಣ್ಣಿಗೆ ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಬೆರೆತ ಹನಿಗಳನ್ನು ಕೊಂಡು ಹಾಕಕೂಡದು. ಉರಿ ಅಡಗಿದಂತೆ ತೋರಿ, ಒಳಗೆ ಬೂಷ್ಟು ಸೊಂಪಾಗಿ ಬೆಳೆಯುವುದು.

ಮರುದಿನವೇ ಆ ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ದು ಹೊಸ ಸೀಸೆ ತಂದೆವು. ಮೊದಮೊದಲು ಗಂಟೆಗೊಂದು ಹನಿ. ಪ್ರತಿ ಸಲವೂ ಮೊಮ್ಮಗಳು ಕುಲುಕಿ, ದೀಪಕ್ಕೆ ಹಿಡಿದು, ಹಾಲಿನಂತೆ ಒಂದೇ ಬಣ್ಣವಾಯಿತೆಂದು ನೋಡಿಯೇ ಹಾಕುವಳು. ಹುಣ್ಣು ಮಾಯಿತು. ಒಂದು ಬಿಳಿಯ ಕಲೆ ಉಳಿದಿದೆ. ಸೂಜಿಗೆ ದಾರ ಪೋಣಿಸಲು ಮಾತ್ರ ಇಂದಿಗೂ ಆ ಹುಡುಗಿಯನ್ನೇ ಕರೆಯುತ್ತಾರೆ.